ಮೇಷ್ಟ್ರ ಚುಕ್ಕೆ

ಸಂಶೋಧನಾ ಸಂಸ್ಥೆಯ ನೆಲಮಾಳಿಗೆಯಲ್ಲಿ ಅವಳನ್ನು ಎಲ್ಲರೂ 'ಅಲ್ಲಾಡ್ಬೇಡಿ ಅಕ್ಕ' ಅಂತಲೇ ಕರೆಯುತ್ತಿದ್ದರು. ಇಲ್ಲಿಗೆ ಬರುವ ಮೊದಲು ಅವಳು ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದಲ್ಲಿದ್ದಳು. ಕೊಳವೆಯೊಳಗೆ ಮಲಗಿ ಹೆದರಿದ ರೋಗಿಗಳಿಗೆ ಮೈಕಿನಲ್ಲಿ 'ಅಲ್ಲಾಡ್ಬೇಡಿ, ಇನ್ನೇನು ಮುಗೀತು' ಎಂದು ಹೇಳಿ ಹೇಳಿ ಆ ಮಾತು ನಾಲಿಗೆಗೆ ಅಂಟಿಕೊಂಡಿತ್ತು. ಇಲಿಗಳ ಮಿದುಳಿನ ಚಿತ್ರ ತೆಗೆಯುವ ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅರಿವಳಿಕೆ ಕೊಟ್ಟು ಮಲಗಿಸಿದ್ದ ಒಂದು ಬಿಳಿ ಇಲಿಗೂ ಅಭ್ಯಾಸಬಲದಿಂದ ಅದನ್ನೇ ಹೇಳಿಬಿಟ್ಟಳು. ಪಕ್ಕದಲ್ಲಿ ತಂತಿ ಸುತ್ತುತ್ತ ಕೂತಿದ್ದ ಮೆಕ್ಯಾನಿಕ್ ಮಧ್ಯಾಹ್ನದೊಳಗೆ ಸುದ್ದಿಯನ್ನು ಮೂರೂ ಮಹಡಿಗೆ ಮುಟ್ಟಿಸಿದ. "ನಮ್ಮನ್ನೆಲ್ಲ ಹೋಗೋ ಬಾರೋ ಅಂತಾರೆ, ಇಲಿಗೆ ಮಾತ್ರ ಬಹುವಚನ" ಎಂದು ಅವನ ತಕರಾರು. ಹೆಸರು ಹಾಗೇ ನಿಂತಿತು.

ಅವಳನ್ನು ಆಸ್ಪತ್ರೆಯಿಂದ ಇಲ್ಲಿಗೆ ಕರೆತಂದವರು ಮೇಷ್ಟ್ರು. ಆಗ ಈ ಪ್ರಯೋಗಾಲಯ ಅವರ ಕೈಯಲ್ಲಿತ್ತು. ಇಲಿ ಜಗತ್ತನ್ನು ಮೀಸೆಯಿಂದ ತಡವಿ ತಿಳಿದುಕೊಳ್ಳುವ ಪ್ರಾಣಿ. ಒಂದು ಮೀಸೆಯ ಕೂದಲನ್ನು ಮೆಲ್ಲಗೆ ಅಲುಗಿಸಿದರೆ ಮಿದುಳಿನಲ್ಲಿ ಎಲ್ಲಿ ದೀಪ ಹತ್ತುತ್ತದೆ ಎಂದು ಹುಡುಕುವುದರಲ್ಲೇ ಮೇಷ್ಟ್ರ ಅರ್ಧ ಆಯುಷ್ಯ ಕಳೆದಿತ್ತು. ಕೊನೆಗೂ ಅವರಿಗೆ ಅದು ಸಿಕ್ಕಿತು. ಮಿದುಳಿನ ಸಿಪ್ಪೆಯ ಅತಿ ಮೇಲಿನ ಪದರದಲ್ಲಿ, ಸಾಸಿವೆ ಕಾಳಿನಂಥ ಒಂದು ಹೊಳೆಯುವ ಚುಕ್ಕೆ. ಸ್ಪರ್ಶ ಬಂದು ತಲುಪುವ ಜಾಗ ಇದೇ ಎಂದು ಅವರು ಬರೆದರು. ಜಗತ್ತು ಒಪ್ಪಿಕೊಂಡಿತು. ಪಠ್ಯಪುಸ್ತಕಗಳಲ್ಲಿ ಆ ಚಿತ್ರ ಅಚ್ಚಾಯಿತು. ಪ್ರಯೋಗಾಲಯದವರೆಲ್ಲ ಅದನ್ನು 'ಮೇಷ್ಟ್ರ ಚುಕ್ಕೆ' ಎನ್ನುತ್ತಿದ್ದರು. ಚಿತ್ರ ತೆಗೆದದ್ದು ಅವಳು. ಅದು ತೆರೆಯ ಮೇಲೆ ಮೂಡಿದ ದಿನ ಮೇಷ್ಟ್ರು ಎಲ್ಲರಿಗೂ ಟೀ ತರಿಸಿ, ತಾವೇ ಕುಡಿಯುವುದನ್ನು ಮರೆತಿದ್ದರು.

ಆಮೇಲೆ ಮೇಷ್ಟ್ರು ನಿವೃತ್ತರಾದರು. ಆಮೇಲೆ ಅವಳ ಗಂಡ ಹೋದ.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಬಾಯಿ ತುಂಬ ಮಾತು. ಲಿಫ್ಟಿನಲ್ಲಿ ಸಿಕ್ಕಿಕೊಂಡವರಿಗೆ ಹೊರಗಿನಿಂದ ಜೋಕು ಹೇಳುತ್ತ ಬಾಗಿಲು ತೆಗೆಯುತ್ತಿದ್ದ. ಅಷ್ಟು ಬೇಗ ಯಾಕೆ ತೆಗೆದೆ ಎಂದು ಒಬ್ಬ ಮುದುಕ ಬೈದಿದ್ದನಂತೆ. ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತ ನಿಂತವನು ಹಾಗೇ ಕುಸಿದ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಕರೆದೊಯ್ದದ್ದು ಅವಳು ಮೊದಲು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ. ಯಂತ್ರದ ಮುಂದೆ ಕೂತಿದ್ದ ಹಳೆಯ ಸಹೋದ್ಯೋಗಿ ಅವಳನ್ನು ತಡೆಯಲಾರದೆ ಪಕ್ಕದಲ್ಲಿ ಕೂರಿಸಿಕೊಂಡಳು. ತೆರೆಯ ಮೇಲೆ ಚಿತ್ರ ಬಂತು. ಡಾಕ್ಟರು ಹೇಳುವ ಮೊದಲೇ ಅವಳಿಗೆ ಎಲ್ಲವೂ ತಿಳಿಯಿತು. ಆದರೆ ಮನಸ್ಸಿಗೆ ಬಂದ ಮೊದಲ ಮಾತು, 'ಎಷ್ಟು ಸ್ಪಷ್ಟವಾಗಿ ಬಂದಿದೆ, ಒಂದಿಷ್ಟೂ ಅಲ್ಲಾಡಿಲ್ಲ' ಎಂಬುದು. ಅದೇ ಹೊತ್ತಿಗೆ ಒಳಗೆ ಏನೋ ಮುಚ್ಚಿಕೊಂಡಿತು.

ಅವಳು ಅಳಲಿಲ್ಲ. ಬಂದವರು ಹೆಗಲು ತಟ್ಟಿದರು, ನೀರು ಕುಡಿಸಿದರು, ಕೊನೆಗೆ ಕಿಟಕಿಯ ಹತ್ತಿರ ನಿಂತು ಗುಸುಗುಸು ಮಾಡಿದರು. ಗಂಡನ ತಾಯಿ, ಅವಳ ಅತ್ತೆ, ಒಳಕೋಣೆಯಿಂದ ಎದ್ದು ಬಂದು ಅವರೆದುರು ನಿಂತಳು. ಅತ್ತತ್ತು ಮುಖ ಊದಿತ್ತು.

"ನಾನು ಅಳ್ತಿದ್ದೀನಲ್ಲ" ಎಂದಳು. "ಒಂದು ಮನೆಗೆ ಒಬ್ರು ಸಾಕು. ಕಾಗದ ಪತ್ರ ನೋಡೋಕೆ, ಒಲೆ ಹಚ್ಚೋಕೆ ಇನ್ನೊಬ್ರು ಬೇಡ್ವಾ?"

ಹಾಗೆ ಅತ್ತೆ ಸೊಸೆ ಇಬ್ಬರೇ ಆ ಮನೆಯಲ್ಲಿ ಉಳಿದರು. ಅವಳಿಗೆ ದುಃಖ ಇರಲಿಲ್ಲ, ಅದೇ ತೊಂದರೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ನಮ್ಮ ಕೆನ್ನೆಯನ್ನು ನಾವೇ ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಹಾಗೆ ದಿನಗಳು ಹೋಗುತ್ತಿದ್ದವು. ಬಸ್ಸು ಹತ್ತುತ್ತಿದ್ದಳು, ಇಳಿಯುತ್ತಿದ್ದಳು. ಅತ್ತೆ ಉಪ್ಪು ಹಾಕಲು ಮರೆತ ದಿನವೂ ತಟ್ಟೆ ಖಾಲಿ ಮಾಡುತ್ತಿದ್ದಳು. "ನಿನಗೆ ಅಡುಗೆ ಮಾಡೋದು ಒಂದೇ, ಗೋಡೆಗೆ ಬಡಿಸೋದು ಒಂದೇ" ಎಂದು ಅತ್ತೆ ಗೊಣಗಿದರೆ, "ಚೆನ್ನಾಗಿತ್ತಲ್ಲ" ಎಂದು ತಟ್ಟೆ ತೊಳೆಯುತ್ತಿದ್ದಳು.

ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ಮುಖ್ಯಸ್ಥೆ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು. ಎಲ್ಲರಿಗೂ ಅವರು ಮೇಡಂ. ಮಾತು ಕಡಿಮೆ, ಹಟ ಜಾಸ್ತಿ. ಬಂದ ಕೆಲವೇ ವಾರಗಳಲ್ಲಿ ಮೇಷ್ಟ್ರ ಚಿತ್ರವನ್ನು ತೆರೆಯ ಮೇಲೆ ಹಿಗ್ಗಿಸಿ ಹಾಕಿಸಿದರು. ಚುಕ್ಕೆ ದಪ್ಪ ದಪ್ಪ ಚೌಕಗಳಾಗಿ ಒಡೆಯಿತು.

"ಇದು ಕನ್ನಡಕ ಇಲ್ಲದೆ ನೋಡಿದ ಹಾಗಿದೆ" ಎಂದರು. "ಒಂದೊಂದು ಚೌಕದಲ್ಲಿ ಎರಡು ಮೂರು ಪದರ ಸೇರಿಹೋಗಿದೆ. ನನಗೆ ಪದರ ಪದರ ಬೇರೆ ಕಾಣಬೇಕು. ಆಗತ್ತಾ?"

"ನೋಡೋಣ ಮೇಡಂ" ಎಂದಳು ಅವಳು.

ಆಗುವುದು ಸುಲಭವಿರಲಿಲ್ಲ. ಆ ಯಂತ್ರ ನಿಜವಾಗಿ ನೋಡುವುದಿಲ್ಲ, ಕೇಳುತ್ತದೆ. ಮಿದುಳನ್ನು ಚಿಕ್ಕ ಚಿಕ್ಕ ಘನಗಳಾಗಿ ಎಣಿಸಿಕೊಂಡು, ಒಂದೊಂದು ಘನದಿಂದ ಬರುವ ಪಿಸುಮಾತನ್ನು ಹೆಕ್ಕುತ್ತದೆ. ಘನ ದೊಡ್ಡದಿದ್ದರೆ ಪಿಸುಮಾತು ಚೆನ್ನಾಗಿ ಕೇಳುತ್ತದೆ, ಆದರೆ ಚಿತ್ರ ಮಂಜು. ಘನದ ಬದಿಯನ್ನು ಅರ್ಧ ಮಾಡಿದರೆ ದನಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಹಾಗಾದಾಗ ಮನುಷ್ಯರು ಏನು ಮಾಡುತ್ತಾರೋ ಅದನ್ನೇ ಮಾಡಬೇಕು. ಕಿವಿಯನ್ನು ಹತ್ತಿರ ಒಯ್ಯಬೇಕು, ಸುತ್ತಲಿನ ಗಲಾಟೆ ನಿಲ್ಲಿಸಬೇಕು, ಹೆಚ್ಚು ಹೊತ್ತು ಕೇಳಬೇಕು.

ಕಿವಿ ಎಂದರೆ ಇಲಿಯ ತಲೆಯ ಮೇಲೆ ಕೂರಿಸುವ ತಾಮ್ರದ ಸುರುಳಿ. ಹಳೆಯದು ಉಂಗುರದಷ್ಟು ದೊಡ್ಡದಿತ್ತು. ಮೆಕ್ಯಾನಿಕ್ ಮತ್ತು ಅವಳು ಸೇರಿ ಅದಕ್ಕಿಂತ ಚಿಕ್ಕದನ್ನು, ತಲೆಬುರುಡೆಯ ಉಬ್ಬಿಗೆ ಸರಿಯಾಗಿ ಬಾಗಿದ್ದನ್ನು ಮಾಡಿದರು. ಮೊದಮೊದಲ ಸುರುಳಿಗಳು ಹಾಳಾದವು. ಒಂದು ಬಿಸಿಯಾಯಿತು, ಒಂದು ಮೂಕವಾಗೇ ಇತ್ತು, ಒಂದನ್ನು ಮೆಕ್ಯಾನಿಕ್ ತನ್ನ ಮೊಣಕೈಯಿಂದಲೇ ಒತ್ತಿ ಮುರಿದ. "ಅಕ್ಕ, ನೀವೊಂದು ಸಲ ಬೈದುಬಿಡಿ, ನನಗೆ ಸಮಾಧಾನ ಆಗತ್ತೆ" ಎಂದ. ಅವಳು ಇನ್ನೊಂದು ತಂತಿ ಕೊಟ್ಟಳು.

ಗಲಾಟೆ ನಿಲ್ಲಿಸುವುದು ಇನ್ನೊಂದು ಪಾಡು. ಇಲಿ ಉಸಿರಾಡಿದರೂ ತಲೆ ಕೂದಲೆಳೆಯಷ್ಟು ಸರಿಯುತ್ತದೆ. ಉಸಿರಾಟದ ಯಂತ್ರದೊಂದಿಗೆ ತಾಳ ಹಾಕಿಸಿ, ಉಸಿರು ನಿಂತ ಗಳಿಗೆಯಲ್ಲೇ ಚಿತ್ರ ಹಿಡಿಯಬೇಕು. ಇಲಿಯ ಮೈ ತಣ್ಣಗಾಗದಿರಲೆಂದು ಹಾಸಿಗೆಯೊಳಗೆ ಬಿಸಿನೀರು ಹರಿಸುವ ಪಂಪಿನ ನಡುಕವೂ ಚಿತ್ರದಲ್ಲಿ ಕಾಣುತ್ತಿತ್ತು. ಅದನ್ನು ಪಕ್ಕದ ಕೋಣೆಯಲ್ಲಿ ಸ್ಪಂಜಿನ ಮೇಲೆ ಇಟ್ಟರು. ಇನ್ನು ಹೆಚ್ಚು ಹೊತ್ತು ಕೇಳುವುದು. ಅರಿವಳಿಕೆ ಹೆಚ್ಚಾದರೆ ಮಿದುಳೇ ಸುಮ್ಮನಾಗಿಬಿಡುತ್ತದೆ, ಕಡಿಮೆಯಾದರೆ ಇಲಿ ಮಿಸುಕುತ್ತದೆ. ಎರಡರ ನಡುವಿನ ಕತ್ತಿಯಂಚಿನಲ್ಲಿ ಅದನ್ನು ಹಿಡಿದಿಡಬೇಕು. ಎಲ್ಲ ಇಲಿಗಳೂ ಆ ಅಂಚಿನಿಂದ ಹಿಂದಿರುಗಲಿಲ್ಲ. ಏಳದವನ್ನು ಅವಳು ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಕಾರಿಡಾರಿನ ಕೊನೆಯ ಫ್ರೀಜರಿನಲ್ಲಿಟ್ಟು ಕೈ ತೊಳೆದು ಬರುತ್ತಿದ್ದಳು.

"ಇವತ್ತು ಯಾರಾದ್ರೂ ಹೋದ್ರಾ?" ಎಂದು ಸಂಜೆ ಅತ್ತೆ ಕೇಳುವಳು. ಬಹುವಚನ ಅತ್ತೆಗೂ ಅಂಟಿತ್ತು.

"ಒಬ್ರು."

"ಪಾಪ. ಬೆಳಿಗ್ಗೆ ತಿಂಡಿ ತಿಂದಿದ್ರಾ?"

"ತಿಂದಿದ್ರು."

"ಹಾಗಾದ್ರೆ ಸರಿ" ಎಂದು ಅತ್ತೆ ದೀಪ ಹಾಕುವಳು.

ಚಳಿಗಾಲ ಶುರುವಾಗುವ ಹೊತ್ತಿಗೆ, ಒಂದು ಮಧ್ಯಾಹ್ನ, ಚಿತ್ರ ಬಂತು. ಅಷ್ಟು ಸೂಕ್ಷ್ಮವಾದ ಚಿತ್ರವನ್ನು ಅವಳು ತನ್ನ ಕೆಲಸದಲ್ಲಿ ಎಂದೂ ಕಂಡಿರಲಿಲ್ಲ. ಮಿದುಳಿನ ಸಿಪ್ಪೆಯ ಪದರಗಳು ಈರುಳ್ಳಿ ಹೆಚ್ಚಿದಂತೆ ಒಂದರ ಕೆಳಗೊಂದು ಕಂಡವು. ಆದರೆ ಚುಕ್ಕೆ ಚುಕ್ಕೆಯಾಗಿ ಉಳಿದಿರಲಿಲ್ಲ. ಉದ್ದಕ್ಕೆ ಎಳೆದುಕೊಂಡು, ಬಳ್ಳಿಯಂತೆ ಬಾಗಿ, ಅಂಚಿನಾಚೆಗೆ ಹರಿದುಹೋಗಿತ್ತು. ಅದು ಮೇಲಿನ ಪದರದೊಳಗೆ ಇರಲೇ ಇಲ್ಲ. ಪದರದ ಹೊರಗೆ, ಮಿದುಳಿನ ಮೇಲ್ಮೈಯಲ್ಲಿ ಇತ್ತು. ರಕ್ತನಾಳ. ನಿಜವಾದ ಬೆಳಕು ಅದಕ್ಕಿಂತ ಕೆಳಗೆ, ನಡುವಿನ ಪದರದಲ್ಲಿ ಮಸುಕಾಗಿ ಹರಡಿತ್ತು.

ನಡೆದದ್ದು ಇಷ್ಟೆ. ಯಂತ್ರ ನರಗಳ ಕೆಲಸವನ್ನು ನೇರವಾಗಿ ಕೇಳುವುದಿಲ್ಲ. ಆ ಕೆಲಸಕ್ಕಾಗಿ ನುಗ್ಗುವ ರಕ್ತವನ್ನು ಕೇಳುತ್ತದೆ. ಕೆಳಗೆ ಕೆಲಸ ಮಾಡಿದ ಜಾಗದಿಂದ ರಕ್ತ ಮೇಲೆ ಬಂದು ದೊಡ್ಡ ನಾಳಕ್ಕೆ ಸೇರುತ್ತದೆ, ಅಲ್ಲಿ ಸದ್ದು ಜೋರು. ಬಟ್ಟೆಗೆ ಬಣ್ಣ ಹಾಕುವವರ ಬೀದಿ ಎಲ್ಲೋ ಇದ್ದು, ಬಣ್ಣದ ನೀರು ಮಾತ್ರ ಚರಂಡಿಯ ತುದಿಯಲ್ಲಿ ಎದ್ದು ಕಂಡ ಹಾಗೆ. ಹಳೆಯ ಮಂಜು ಚಿತ್ರದಲ್ಲಿ ಬೀದಿ ಯಾವುದು, ಚರಂಡಿ ಯಾವುದು ಎಂದು ತಿಳಿಯುವಂತಿರಲಿಲ್ಲ.

ಮೇಡಂ ಬಂದು ಹಿಂದೆ ನಿಂತರು. "ಇನ್ನೊಂದು ಪ್ರಾಣಿಯಲ್ಲಿ ನೋಡಿ" ಎಂದರು. ಇನ್ನೊಂದರಲ್ಲೂ ಹಾಗೇ ಬಂತು. ಮತ್ತೊಂದರಲ್ಲೂ. ಇನ್ನು ಸಂಶಯ ಪಡಲು ದಾರಿಯಿರಲಿಲ್ಲ.

"ಇದನ್ನ ಬರೆದು ಪ್ರಕಟಿಸಲೇಬೇಕು" ಎಂದರು ಮೇಡಂ. "ಆದರೆ ಪತ್ರಿಕೆಯಲ್ಲಿ ನೋಡಿ ಅವರಿಗೆ ಗೊತ್ತಾಗೋದು ಬೇಡ. ಯಾರಾದ್ರೂ ಹೋಗಿ ಹೇಳಬೇಕು."

ಕೋಣೆಯಲ್ಲಿದ್ದವರು ತಂತಮ್ಮ ಕೈಬೆರಳು ನೋಡಿಕೊಂಡರು.

"ನಾನು ಹೋಗ್ತೀನಿ" ಎಂದಳು ಅವಳು. ಅದು ಧೈರ್ಯವಲ್ಲ. ಏನೂ ಅನ್ನಿಸದವಳಿಗೆ ಇದು ಸುಲಭ ಎಂದುಕೊಂಡಳು, ಅಷ್ಟೆ.

ವಿಷಯ ಹೇಳಿದಾಗ ಅತ್ತೆ ಕಾಲುಚೀಲ ಹೊಲಿಯುತ್ತಿದ್ದಳು. "ಸುಳ್ಳು ಹೇಳ್ಬೇಡ" ಎಂದಳು. "ಹಾಗಂತ ಬಾಗಿಲಲ್ಲೇ ನಿಂತ್ಕೊಂಡು ಮುಖಕ್ಕೆ ಹೊಡೆದ ಹಾಗೆ ಹೇಳ್ಬೇಡ. ಕೂತ್ಕೋ. ಕೊಟ್ಟ ಟೀ ಕುಡಿ. ಕುಡಿದ ಮೇಲೆ ಹೇಳು."

ಮೇಷ್ಟ್ರ ಮನೆ ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಬಾಗಿಲು ತೆಗೆದ ಮೇಷ್ಟ್ರ ಹೆಂಡತಿ, "ಅಯ್ಯೋ, ಎಷ್ಟು ಇಳಿದು ಹೋಗಿದ್ದೀಯೇ" ಎಂದು ಕೈ ಹಿಡಿದು ಒಳಗೆ ಕರೆದೊಯ್ದರು. ಮೇಷ್ಟ್ರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಬಲಗೈ ನಿಲ್ಲದೆ ನಡುಗುತ್ತಿತ್ತು. ಅದನ್ನು ಎಡಗೈಯಿಂದ ಒತ್ತಿ ಹಿಡಿದಿದ್ದರು. ಎದುರಿನ ಗೋಡೆಯಲ್ಲಿ ಚೌಕಟ್ಟಿನೊಳಗೆ ಆ ಚಿತ್ರ, ಆ ಚುಕ್ಕೆ.

ಅವಳು ಕೂತಳು. ಟೀ ಕುಡಿದಳು. ಆಮೇಲೆ ಲ್ಯಾಪ್‌ಟಾಪ್ ತೆರೆದು ಅವರ ತೊಡೆಯ ಮೇಲಿಟ್ಟಳು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಾಗಿದರು. ಮುಖ ಅರಳಿತು. "ಇದು ನಮ್ಮ ಯಂತ್ರದಲ್ಲೇ ತೆಗೆದದ್ದಾ?"

"ನಮ್ಮದರಲ್ಲೇ ಮೇಷ್ಟ್ರೇ. ಸುರುಳಿ ಹೊಸದು."

"ಪದರ ಎಣಿಸಬಹುದಲ್ಲೇ. ಒಂದು ಚೂರೂ ಅಲ್ಲಾಡಿಲ್ಲ." ಅವರು ಮಗುವಿನಂತೆ ಹೆಂಡತಿಯನ್ನು ಕರೆದರು. "ಬಾ ಇಲ್ಲಿ, ನೋಡು. ನಮ್ಮ ಕಾಲದಲ್ಲಿ ಹೀಗೆ ಬರುತ್ತೆ ಅಂದಿದ್ರೆ ನಾನು ನಗ್ತಿದ್ದೆ."

ಹೆಂಡತಿ ಬಂದು ಕುರ್ಚಿಯ ಹಿಂದೆ ನಿಂತರು. ಮೇಷ್ಟ್ರ ನಡುಗುವ ಬೆರಳು ತೆರೆಯ ಮೇಲಿನ ಬೆಳಕನ್ನು ಹಿಂಬಾಲಿಸಿತು. ಬಾಗಿದಲ್ಲಿ ಬಾಗಿತು, ಅಂಚಿನವರೆಗೂ ಹೋಯಿತು. ಅಲ್ಲಿ ನಿಂತಿತು. ಮತ್ತೆ ಮೊದಲಿನಿಂದ ಹೊರಟಿತು.

"ಇದು ನಾಳ" ಎಂದರು.

"ಹೌದು ಮೇಷ್ಟ್ರೇ."

"ಎಷ್ಟು ಪ್ರಾಣಿಯಲ್ಲಿ ನೋಡಿದ್ರಿ?"

"ಎಲ್ಲದರಲ್ಲೂ ಹೀಗೇ ಇದೆ."

"ನಾಳ ಅಂದ್ರೆ?" ಎಂದು ಹೆಂಡತಿ ಕೇಳಿದರು.

"ಅಂದ್ರೆ, ನಾನು ಚರಂಡಿ ನೋಡಿ ಊರು ಅಂದೆ ಕಣೇ" ಎಂದರು ಮೇಷ್ಟ್ರು. "ಇಷ್ಟು ವರ್ಷ ಎಲ್ಲರಿಗೂ ಹಾಗೇ ಪಾಠ ಹೇಳ್ದೆ."

ಹೆಂಡತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು ಅವಳ ಕಡೆ ತಿರುಗಿದರು. ದನಿ ಏರಲಿಲ್ಲ, ಇಳಿಯಿತು. "ಇದನ್ನ ಹೇಳೋಕೆ ಬಂದ್ಯಾ ನೀನು? ನಿನ್ನನ್ನ ಕೆಲಸಕ್ಕೆ ಕರ್ಕೊಂಡು ಬಂದವರು ಇವರು. ಇವರು ಕಣ್ಣು ಮುಚ್ಚಿದ ಮೇಲೆ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು ಅಮ್ಮ" ಎಂದಳು ಅವಳು.

"ಆಗ ನಾನು ಇದನ್ನ ನೋಡೋಕೆ ಆಗ್ತಿತ್ತಾ?" ಎಂದರು ಮೇಷ್ಟ್ರು.

ಹೆಂಡತಿ ಟೀ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದ ನಲ್ಲಿ ಬಿಟ್ಟ ಸದ್ದು ನಿಲ್ಲದೆ ಕೇಳುತ್ತಿತ್ತು. ಮೇಷ್ಟ್ರು ಲ್ಯಾಪ್‌ಟಾಪನ್ನು ಮುಚ್ಚಲಿಲ್ಲ. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲೂ ಇಲ್ಲ.

"ನೀನು ಮೊದಲು ನೋಡಿದಾಗ ನಿನಗೇನನ್ನಿಸ್ತು?" ಎಂದು ಕೇಳಿದರು.

"ಏನೂ ಅನ್ನಿಸಲಿಲ್ಲ ಮೇಷ್ಟ್ರೇ. ಈಗ ಯಾವುದಕ್ಕೂ ಏನೂ ಅನ್ನಿಸಲ್ಲ." ಇದನ್ನು ಅವಳು ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳಿದ ಮೇಲೂ ಹೆಚ್ಚೇನೂ ಆಗಲಿಲ್ಲ.

"ಯಾವಾಗಿಂದ?"

"ಅವರು ಹೋದಾಗಿಂದ."

ಮೇಷ್ಟ್ರು ಸಮಾಧಾನ ಹೇಳಲಿಲ್ಲ. "ನನಗೆ ಈಗ ಬೇಕಾದಷ್ಟು ಅನ್ನಿಸ್ತಾ ಇದೆ" ಎಂದರು. "ಸುಖವಾಗಿಲ್ಲ ಕಣಮ್ಮ. ಅನ್ನಿಸದೇ ಇರೋದ್ರಿಂದ ನೀನೇನೂ ಕಳ್ಕೊಂಡಿಲ್ಲ."

ಅವಳು ಹೊರಡುವಾಗ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಆ ಕಥೆ ಅಲ್ಲಿಗೆ ಮುಗಿಯಿತು ಎಂದು ಅವಳು ತಿಳಿದಿದ್ದಳು. ಆದರೆ ಸ್ವಲ್ಪ ದಿನಗಳ ಮೇಲೆ ಮೇಷ್ಟ್ರು ಟ್ಯಾಕ್ಸಿ ಮಾಡಿಕೊಂಡು ಸಂಸ್ಥೆಗೆ ಬಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಹೆಂಡತಿಯ ತೋಳಿನಲ್ಲಿ. ನೆಲಮಾಳಿಗೆಯ ಮೆಟ್ಟಿಲು ಇಳಿಯಲು ಮೆಕ್ಯಾನಿಕ್ ಬೆನ್ನಿಗೆ ಕೈಕೊಟ್ಟ. ಮೇಡಂ ಬರೆಯುತ್ತಿದ್ದ ಪ್ರಬಂಧದಲ್ಲಿ ತಮ್ಮ ಹೆಸರೂ ಇರಲಿ ಎಂದು ಕೇಳಲು ಅವರು ಬಂದಿದ್ದರು. ಮೇಡಂ ಮುಜುಗರದಿಂದ ಕರಡನ್ನು ಕೈಗಿತ್ತರು. ಮೇಷ್ಟ್ರು ನಿಧಾನವಾಗಿ ಓದಿ ಒಂದು ಕಡೆ ನಿಲ್ಲಿಸಿದರು.

"'ಹಿಂದಿನ ನಿರ್ಣಯವನ್ನು ಮರುಪರಿಶೀಲಿಸುವ ಅಗತ್ಯವಿದೆ' ಅಂತ ಬರೆದಿದ್ದೀರಿ. ಯಾರು ಮರುಪರಿಶೀಲಿಸಬೇಕು? ಪರಿಶೀಲಿಸಿ ಆಯ್ತಲ್ಲ?"

"ಸ್ವಲ್ಪ ಮೆತ್ತಗೆ ಇರ್ಲಿ ಅಂತ ಸರ್" ಎಂದರು ಮೇಡಂ.

"ಮೆತ್ತಗೆ ಬೇಡ. 'ನಾವು ಮೊದಲು ಹೇಳಿದ್ದು ತಪ್ಪು' ಅಂತ ಬರೀರಿ. ನಾವು ಅಂತ ಬರೆಯೋಕೆ ನನ್ನ ಹೆಸರು ಬೇಕಲ್ಲ. ಅದಕ್ಕೇ ಕೇಳ್ತಿರೋದು."

ಮೇಷ್ಟ್ರ ಹೆಂಡತಿ ಅಷ್ಟು ಹೊತ್ತೂ ಕಾರಿಡಾರಿನ ಬೆಂಚಿನ ಮೇಲೆ ಚೀಲ ಅಪ್ಪಿಕೊಂಡು ಕೂತಿದ್ದರು. ಕರೆದರೂ ಒಳಗೆ ಬರಲೊಲ್ಲರು. ಕೊನೆಗೆ ಬೇಸರವಾಗಿ, ಅವಳು ಕೆಲಸ ಮಾಡುತ್ತಿದ್ದ ಕೋಣೆಯ ಬಾಗಿಲಿಗೆ ಬಂದು ನಿಂತರು. ಆಗಷ್ಟೇ ಸ್ಕ್ಯಾನ್ ಮುಗಿದ ಇಲಿಯನ್ನು ಅವಳು ಬೆಚ್ಚನೆಯ ಪೆಟ್ಟಿಗೆಯಲ್ಲಿ ಮಲಗಿಸಿ ಕಾಯುತ್ತಿದ್ದಳು. ಮೊದಲು ಮೀಸೆ ಅದುರಿತು. ಆಮೇಲೆ ಮುಂಗಾಲು.

"ಇದಕ್ಕೆ ನೋವಾಗತ್ತಾ?" ಎಂದು ಕೇಳಿದರು. ಆ ದಿನದ ನಂತರ ಅವರು ಅವಳೊಂದಿಗೆ ಆಡಿದ ಮೊದಲ ಮಾತು.

"ಮಲಗಿದ್ದಾಗ ಇಲ್ಲ ಅಮ್ಮ. ಎದ್ದ ಮೇಲೆ ತಲೆ ಭಾರ ಇರತ್ತೇನೋ. ಕೇಳಿದ್ರೆ ಹೇಳಲ್ಲ."

ಅವರ ತುಟಿಯ ಒಂದು ಮೂಲೆ ಸಡಿಲವಾಯಿತು. "ಇವರೂ ಹಾಗೇ" ಎಂದರು, ಮೇಷ್ಟ್ರಿದ್ದ ಕೋಣೆಯ ಕಡೆ ತಲೆ ಆಡಿಸಿ. "ಮೂರು ದಿನ ಊಟ ಸೇರಲಿಲ್ಲ. ಕೇಳಿದ್ರೆ, ಹಸಿವಿಲ್ಲ ಅಂತಾರೆ." ಇಲಿ ತಲೆ ಎತ್ತಿ ಗಾಳಿ ಮೂಸುವವರೆಗೂ ಅವರು ಅಲ್ಲೇ ನಿಂತಿದ್ದರು.

ಪ್ರಬಂಧ ಪ್ರಕಟವಾಯಿತು. ಕೆಲವರು ಹೊಗಳಿದರು, ಕೆಲವರು ಇಷ್ಟು ದಿನ ನಿದ್ದೆ ಮಾಡುತ್ತಿದ್ದರಾ ಎಂದು ಬರೆದರು. ಎರಡನ್ನೂ ಮೇಷ್ಟ್ರು ಭೂತಗನ್ನಡಿ ಹಿಡಿದು ಓದಿದರಂತೆ. ಗೋಡೆಯ ಮೇಲಿನ ಚಿತ್ರ ತೆಗೆಯಲು ಹೋದರೆ ಹೆಂಡತಿ ಬಿಡಲಿಲ್ಲ. "ತಪ್ಪೋ ಸರಿಯೋ, ನನಗೆ ನೋಡಿ ಅಭ್ಯಾಸ ಆಗಿದೆ" ಎಂದರಂತೆ.

ಮೇಡಂ ಅವಳಿಗೆ ಮುಂದಿನ ಕೆಲಸ ಒಪ್ಪಿಸಿದರು. ಅರಿವಳಿಕೆಯೇ ಇಲ್ಲದೆ, ಎಚ್ಚರವಾಗಿರುವ ಇಲಿಯನ್ನು ಅಷ್ಟೇ ಸ್ಪಷ್ಟವಾಗಿ ನೋಡಬೇಕು. ಅಂದರೆ ಇಲಿಗೆ ಅದರ ಪಾಡಿಗೆ ಅದು ಸುಮ್ಮನಿರುವುದನ್ನು ಕಲಿಸಬೇಕು. ಪ್ರತಿದಿನ ಸ್ವಲ್ಪ ಸ್ವಲ್ಪ ಹೊತ್ತು, ಸಿಹಿನೀರಿನ ಆಸೆ ತೋರಿಸಿ, ಕೊಳವೆಯ ಅಭ್ಯಾಸ ಮಾಡಿಸಬೇಕು. ಅವಳು ಆಗಲಿ ಎಂದಳು.

ಆ ದಿನಗಳಲ್ಲೇ ಅತ್ತೆ ಮಗನ ಬಟ್ಟೆಯ ಕಪಾಟು ತೆರೆದಳು. "ಹುಳ ತಿನ್ನೋ ಬದಲು ಯಾರಾದ್ರೂ ಹಾಕ್ಕೊಳ್ಳಲಿ" ಎಂದು ಒಂದೊಂದೇ ಮಡಿಸಿ ಎತ್ತಿಟ್ಟಳು. ಅಳುತ್ತ ಮಡಿಸಿದಳು, ಆದರೆ ಮಡಿಕೆ ಸರಿಯಾಗೇ ಇತ್ತು. ಕಂದು ಬಣ್ಣದ ಒಂದು ಜಾಕೆಟ್ ಇನ್ನೂ ಗಟ್ಟಿಯಾಗಿತ್ತು. ಅವಳು ಅದನ್ನು ಚೀಲದಲ್ಲಿ ಹಾಕಿ ಒಯ್ದು ಮೆಕ್ಯಾನಿಕ್‌ಗೆ ಕೊಟ್ಟಳು. ಕೊಡುವಾಗಲೂ ಏನೂ ಅನ್ನಿಸಲಿಲ್ಲ. "ತೋಳು ಸ್ವಲ್ಪ ಉದ್ದ ಇರಬಹುದು, ಮಡಚ್ಕೋ" ಎಂದಳು.

ಮರುದಿನ ಬೆಳಿಗ್ಗೆ ಅವಳು ಇಲಿಯ ಪೆಟ್ಟಿಗೆ ಹಿಡಿದು ಕಾರಿಡಾರಿನಲ್ಲಿ ಬರುತ್ತಿದ್ದಳು. ಕೊನೆಯಲ್ಲಿ, ಕುಡಿಯುವ ನೀರಿನ ನಲ್ಲಿಯ ಹತ್ತಿರ, ಯಾರೋ ಆ ಕಡೆ ಮುಖ ಮಾಡಿ ಬಾಗಿ ಬಾಟಲಿಗೆ ನೀರು ಹಿಡಿಯುತ್ತಿದ್ದರು. ಕಂದು ಬೆನ್ನು. ಎಡಭುಜದ ಹೊಲಿಗೆ ಬಲಕ್ಕಿಂತ ಸ್ವಲ್ಪ ಇಳಿದಿತ್ತು.

"ರೀ" ಎಂದಳು.

ಮೆಕ್ಯಾನಿಕ್ ತಿರುಗಿದ. ಬಾಟಲಿ ತುಂಬಿ ನೀರು ಅವನ ಕೈಮೇಲೆ ಹರಿಯುತ್ತಿತ್ತು. ಅವಳ ಮುಖ ನೋಡಿದ, ತನ್ನ ತೋಳು ನೋಡಿಕೊಂಡ.

"ಅಕ್ಕ, ನಾಳೆಯಿಂದ ಹಾಕ್ಕೊಳ್ಳಲ್ಲ."

"ಹಾಕ್ಕೋ" ಎಂದಳು. "ಚಳಿ ಇದೆ." ದನಿ ಅವಳದೇ ಆಗಿತ್ತು, ಆದರೆ ಅರ್ಧದಲ್ಲಿ ಒಡೆಯಿತು. ಅವಳು ಪೆಟ್ಟಿಗೆಯನ್ನು ಎಚ್ಚರಿಕೆಯಿಂದ ನೆಲಕ್ಕಿಟ್ಟು, ಗೋಡೆಗೆ ಕೈ ಕೊಟ್ಟು ನಿಂತಳು. ಮೆಕ್ಯಾನಿಕ್ ನಲ್ಲಿ ನಿಲ್ಲಿಸಿ, ಒಂದು ಕುರ್ಚಿ ತಂದಿಟ್ಟು, ಏನು ಮಾಡಬೇಕೆಂದು ತೋಚದೆ ಇಲಿಯ ಪೆಟ್ಟಿಗೆಯನ್ನು ಎತ್ತಿಕೊಂಡು ಒಳಗೆ ಹೋದ.

ಅವಳು ಕೋಣೆಗೆ ಬಂದಾಗ ಮೇಡಂ ತೆರೆಯ ಮುಂದೆ ಕಾಯುತ್ತಿದ್ದರು. ಸುರುಳಿ ಎತ್ತಿಕೊಂಡ ಅವಳ ಬೆರಳುಗಳು ನಡುಗಿದವು. ಕೂರಿಸಲು ಆಗಲಿಲ್ಲ. ಇನ್ನೊಮ್ಮೆ ನೋಡಿದಳು, ಆಗಲಿಲ್ಲ.

"ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡೋಣ ಮೇಡಂ" ಎಂದಳು. ಮೇಡಂ ಅವಳನ್ನು ನೋಡಿ, ಯಂತ್ರ ನಿಲ್ಲಿಸಿ ಹೊರಗೆ ಹೋದರು. ಅವಳು ಇಲಿಗೆ ಸಿಹಿನೀರು ಕೊಟ್ಟಳು. ಅದು ಕುಡಿಯುವುದನ್ನು ನೋಡುತ್ತ ಸ್ಟೂಲಿನ ಮೇಲೆ ಕೂತಳು.